ಮನೆಯ ಮಾತು: ಕಾಲು ತೆಗೆದ ಮೇಲೆ ಗಾಯ ಮಾಯುವುದೇ?



ಈ ಹದಿನೈದು ದಿನಗಳಲ್ಲಿ ಬಂದ ಕಾಗದಗಳನ್ನೆಲ್ಲ ಮುಂದೆ ಹರಡಿಕೊಂಡು ಕುಳಿತಿದ್ದೇನೆ. ಉಪ್ಪಿನಕಾಯಿಗೆ ಬೂಷ್ಟು ಬಂದರೆ ಏನು ಮಾಡಬೇಕೆಂದು ಸಂಡೂರಿನ ಸೋದರಿಯೊಬ್ಬರು ಕೇಳಿದ್ದಾರೆ. ಮಗಳ ಕೂದಲು ಉದುರುತ್ತದೆ ಎಂದು ಹೊಸಪೇಟೆಯಿಂದ ಇನ್ನೊಬ್ಬರು ಬರೆದಿದ್ದಾರೆ. ಅವರಿಬ್ಬರೂ ಮುಂದಿನ ಸಂಚಿಕೆಯವರೆಗೆ ನನ್ನನ್ನು ಕ್ಷಮಿಸಬೇಕು. ಏಕೆಂದರೆ ಕಂಪ್ಲಿಯಿಂದ ಬಂದ ಒಂದು ಕಾಗದ ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿದೆ. ಅದನ್ನು ಇದ್ದ ಹಾಗೇ ಕೊಡುತ್ತೇನೆ, ಓದಿ.

"ಅಕ್ಕಾ, ನಮ್ಮ ಮಾವನವರಿಗೆ ಅರವತ್ತೆರಡು ವರ್ಷ. ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ ಐತೆ. ಗದ್ದೆ ಬದುವಿನ ಮೇಲೆ ಮುಳ್ಳು ಚುಚ್ಚಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಬೆರಳು ಕಪ್ಪಾದ ಮೇಲೆ ನೋಡಿದ್ವಿ. ಡಾಕ್ಟರು ಮೊಣಕಾಲಿನ ಕೆಳಗೆ ತೆಗೆದರು. ಇವತ್ತಿಗೆ ಹನ್ನೆರಡು ದಿನ. ಹೊಲಿಗೆಯ ಒಂದು ಮೂಲೆ ಒದ್ದೆ ಒದ್ದೆ ಐತೆ. ಬೇಳೆ, ಶೇಂಗಾ, ಮೊಟ್ಟೆ ಕೊಟ್ಟರೆ ನಂಜಾಗಿ ಕೀವು ತುಂಬ್ತದೆ, ಬರೀ ಗಂಜಿ ಕೊಡು ಅಂತಾರೆ ಅತ್ತೆ. 'ಮೊಣಕಾಲಿನ ಮೇಲೆ ತೆಗೀಬೇಡ್ರಿ, ಕೆಳಗೇ ತೆಗೀರಿ' ಅಂತ ಡಾಕ್ಟರ ಮುಂದೆ ಅತ್ತವಳು ನಾನೇ. ಈಗ ಎಲ್ಲರೂ ನನ್ನ ಕಡೆನೇ ನೋಡ್ತಾರೆ. ಈ ಗಾಯ ಮಾಯ್ತದೋ ಇಲ್ಲವೋ ಅಂತ ಮೊದಲೇ ಹೇಳೋ ಪರೀಕ್ಷೆ ಯಾವುದೂ ಇಲ್ಲವಾ ಅಕ್ಕಾ?"

ಕಾಗದ ಓದಿದ ದಿನವೇ ಈ ಸೋದರಿಗೆ ಫೋನು ಮಾಡಿದೆ. ಒದ್ದೆಯಾದ ಮೂಲೆಯನ್ನು ಮನೆಯಲ್ಲಿ ಕುಳಿತು ನೋಡುತ್ತಿರಬಾರದು, ಅವತ್ತೇ ಆಸ್ಪತ್ರೆಗೆ ತೋರಿಸಬೇಕು ಎಂದೆ. ಅವರು ತೋರಿಸಿದರು. ಡಾಕ್ಟರು ಎರಡು ಹೊಲಿಗೆ ಬಿಚ್ಚಿ ಸ್ವಚ್ಛ ಮಾಡಿ, ಅಂಚು ಇನ್ನೂ ಕೆಂಪಗಿದೆ, ಕಾದು ನೋಡೋಣ ಎಂದಿದ್ದಾರಂತೆ. ಆ ಮಟ್ಟಿಗೆ ಸಮಾಧಾನ. ಉಳಿದ ಪ್ರಶ್ನೆಗಳು ಒಂದು ಮನೆಯವಲ್ಲ. ಸಕ್ಕರೆ ಕಾಯಿಲೆ ಇಲ್ಲದ ಬೀದಿ ಈಗ ಎಲ್ಲಿದೆ ಹೇಳಿ? ಆದ್ದರಿಂದ ಈ ಸಲದ ಮಾತು ಪೂರ್ತಿ ಇದೇ.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಸಂಡೂರಿನಲ್ಲಿ ನಮ್ಮ ದೊಡ್ಡಪ್ಪ ಅದಿರಿನ ಲಾರಿ ಓಡಿಸುತ್ತಿದ್ದರು. ದಿನಕ್ಕೆ ಎರಡು ಕಟ್ಟು ಬೀಡಿ. ನಾಲ್ಕು ಹೆಜ್ಜೆ ನಡೆದರೆ ಮೀನಖಂಡ ಹಿಡಿದುಕೊಂಡು ನಿಲ್ಲುತ್ತಿದ್ದರು. 1989ರಲ್ಲಿ ಅವರ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಆರೈಕೆಗೆ ಹೋದವಳು ನಾನು. ಹಿರಿಯರು ಹೇಳಿದರೆಂದು ಇಪ್ಪತ್ತು ದಿನ ಅಕ್ಕಿ ಗಂಜಿ, ಉಪ್ಪು, ನಿಂಬೆಹಣ್ಣಿನ ಉಪ್ಪಿನಕಾಯಿ ಬಿಟ್ಟರೆ ಬೇರೇನೂ ಕೊಡಲಿಲ್ಲ. ಬೀಡಿಯನ್ನೂ ಬಿಡಿಸಲಿಲ್ಲ, "ಪಾಪ, ಇದೊಂದಾದರೂ ಇರಲಿ" ಎಂದು ನಾನೇ ತಂದುಕೊಟ್ಟೆ. ಗಾಯ ಕೂಡಲಿಲ್ಲ. ತಿಂಗಳೊಳಗೆ ಮೊಣಕಾಲಿನ ಮೇಲೆ ಮತ್ತೆ ಕತ್ತರಿಸಬೇಕಾಯಿತು. ಗಂಜಿಯಿಂದಲೇ ಹಾಗಾಯಿತು ಎಂದು ಹೇಳಲಾರೆ. ಆದರೆ ನಾನು ಕೊಡಬಹುದಾಗಿದ್ದನ್ನು ಕೊಡಲಿಲ್ಲ. ಆ ನೋವು ಇವತ್ತಿಗೂ ಇದೆ. ನೀವು ಹಾಗೆ ನೋಯಬಾರದೆಂದೇ ಇಷ್ಟು ಬರೆಯುತ್ತಿದ್ದೇನೆ.

ಕಾಲುವೆಯ ಕೊನೆಯ ಗದ್ದೆ

ಗಾಯ ಮಾಯುವುದೆಂದರೇನು? ಹರಿದ ಚರ್ಮ, ಮಾಂಸ ಹೊಸದಾಗಿ ಬೆಳೆಯಬೇಕು. ಬೆಳೆಯಲು ರಕ್ತ ಬರಬೇಕು. ರಕ್ತದ ಜೊತೆಗೆ ಆಮ್ಲಜನಕ ಬರಬೇಕು, ಅನ್ನಾಂಶ ಬರಬೇಕು.

ತುಂಗಭದ್ರೆಯ ಕಾಲುವೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೂಬಿನ ಹತ್ತಿರದ ಗದ್ದೆಗೆ ನೀರು ಭರ್ತಿ. ಕಾಲುವೆಯಲ್ಲಿ ಹೂಳು ತುಂಬಿದರೆ ಮೊದಲು ಒಣಗುವುದು ಕೊನೆಯ ಭಾಗದ ಗದ್ದೆ. ನಮ್ಮ ಮೈಯಲ್ಲಿ ಹೃದಯ ತೂಬಾದರೆ ಪಾದವೇ ಆ ಕೊನೆಯ ಗದ್ದೆ. ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ರಕ್ತದೊತ್ತಡ, ಕೊಬ್ಬು ಇವೆಲ್ಲ ಸೇರಿ ರಕ್ತನಾಳದಲ್ಲಿ ಹೂಳು ತುಂಬಿಸುತ್ತವೆ. ಸಕ್ಕರೆ ಕಾಯಿಲೆ ಇನ್ನೂ ಒಂದು ಕೇಡು ಮಾಡುತ್ತದೆ. ಪಾದದ ನರಗಳನ್ನು ಮರಗಟ್ಟಿಸಿ ಮುಳ್ಳು ಚುಚ್ಚಿದರೂ ತಿಳಿಯದಂತೆ ಮಾಡುತ್ತದೆ.

ಡಾಕ್ಟರು ಕಾಲನ್ನು ಎಲ್ಲಿ ತೆಗೆಯಬೇಕು ಎಂದು ಯೋಚಿಸುವುದೂ ಈ ಲೆಕ್ಕದಲ್ಲೇ. ಮೇಲೆ ಹೋದಷ್ಟೂ ತೂಬಿಗೆ ಹತ್ತಿರ, ಗಾಯ ಮಾಯುವ ಭರವಸೆ ಹೆಚ್ಚು. ಕೆಳಗೆ ಉಳಿಸಿದಷ್ಟೂ ಮುಂದೆ ನಡೆಯುವುದು ಸುಲಭ. ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಬೇಕು.

ಮೊಣಕಾಲಿನ ಮೇಲೆ ತೆಗೆದ ಗಾಯಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಾಯುತ್ತವೆ. ಮೊಣಕಾಲಿನ ಕೆಳಗಾದರೆ ಸುಮಾರು ಐದರಲ್ಲಿ ಒಂದು ತಂಟೆ ಮಾಡಿ ಮತ್ತೊಂದು ಆಪರೇಷನ್ನಿಗೆ ಎಳೆಯಬಹುದು. ಆದರೆ ಮೊಣಕಾಲು ಉಳಿದವರಿಗೆ ಕೃತಕ ಕಾಲಿನಲ್ಲಿ ನಡೆಯಲು ಸಾಮಾನ್ಯಕ್ಕಿಂತ ಸುಮಾರು ಕಾಲು ಭಾಗ ಹೆಚ್ಚು ಶಕ್ತಿ ಸಾಕು. ಮೊಣಕಾಲು ಹೋದವರಿಗೆ ಅರ್ಧಕ್ಕಿಂತಲೂ ಹೆಚ್ಚು ಬೇಕು. ಅರವತ್ತು ದಾಟಿದ ಎಷ್ಟೋ ಜನ ಅಷ್ಟು ಶಕ್ತಿಯಿಲ್ಲದೆ ಕುರ್ಚಿಯಲ್ಲೇ ಉಳಿದುಬಿಡುತ್ತಾರೆ.

ಕಂಪ್ಲಿಯ ಸೋದರೀ, ಈಗ ಹೇಳಿ, ಮೊಣಕಾಲು ಉಳಿಸಿ ಎಂದು ಅತ್ತದ್ದು ತಪ್ಪೇ? ಡಾಕ್ಟರು ನಿಮ್ಮ ಕಣ್ಣೀರು ನೋಡಿ ಕತ್ತಿ ಹಿಡಿಯುವುದಿಲ್ಲ, ರೋಗಿಯ ಕಾಲು ನೋಡಿ ಹಿಡಿಯುತ್ತಾರೆ. ಮಾಯುವ ಸಂಭವ ಇದೆಯೆಂದು ತೋರಿದ್ದರಿಂದಲೇ ಕೆಳಗೆ ತೆಗೆದಿದ್ದಾರೆ. ಆ ಹೊರೆಯನ್ನು ತಲೆಯಿಂದ ಇಳಿಸಿ ಕೆಳಗಿಡಿ.

ಮೊದಲೇ ಹೇಳುವ ಪರೀಕ್ಷೆ ಇದೆಯೇ?

ಇವೆ, ಆದರೆ ಒಂದಲ್ಲ, ಹಲವಾರು. ಯಾವ ಒಂದೂ ಜ್ಯೋತಿಷ್ಯ ಹೇಳುವುದಿಲ್ಲ. ನಾಲ್ಕಾರು ಸುಳಿವು ಕೂಡಿಸಿ ಅಂದಾಜು ಮಾಡುತ್ತಾರೆ.

ಮೊದಲನೆಯದು ಡಾಕ್ಟರ ಕೈ. ತೊಡೆಸಂದಿಯಲ್ಲಿ, ಮಂಡಿಯ ಹಿಂದೆ, ಪಾದದ ಮೇಲೆ ನಾಡಿ ಮುಟ್ಟಿ ನೋಡುತ್ತಾರೆ. ಮಂಡಿಯ ಹಿಂದಿನ ನಾಡಿ ಚೆನ್ನಾಗಿ ಬಡಿಯುತ್ತಿದ್ದರೆ ಮೊಣಕಾಲಿನ ಕೆಳಗಿನ ಗಾಯ ಮಾಯುವ ಭರವಸೆ ಹೆಚ್ಚು. ಆದರೆ ಆ ನಾಡಿ ಸಿಗದವರಲ್ಲೂ ಎಷ್ಟೋ ಗಾಯಗಳು ಮಾಯ್ದಿವೆ. ಅದೊಂದರಿಂದಲೇ ಎದೆಗುಂದಬೇಡಿ.

ಎರಡನೆಯದು ತೋಳಿನಲ್ಲಿ ರಕ್ತದೊತ್ತಡ ನೋಡುವಂತೆ ಕಾಲಿನ ಗಿಣ್ಣಿನಲ್ಲೂ ನೋಡಿ ಎರಡನ್ನೂ ಹೋಲಿಸುವುದು. ಗಿಣ್ಣಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆ ಎಂದರ್ಥ. ಇಲ್ಲೊಂದು ಮೋಸವಿದೆ. ಹಳೆಯ ಸಕ್ಕರೆ ಕಾಯಿಲೆಯವರ ರಕ್ತನಾಳ ಸುಣ್ಣ ಕಟ್ಟಿ ಬಿರುಸಾಗಿರುತ್ತದೆ. ಆಗ ಅಂಕಿ 1.4ನ್ನೂ ದಾಟಿ ಸುಳ್ಳು ಸಮಾಧಾನ ಕೊಡುತ್ತದೆ. ಅಂಥವರಿಗೆ ಕಾಲ್ಬೆರಳಿನ ಒತ್ತಡ ನೋಡುವುದು ಲೇಸು. ಅದು 30ಕ್ಕಿಂತ ಕಡಿಮೆಯಿದ್ದರೆ ಪಾದದ ಗಾಯ ಮಾಯುವುದು ಕಷ್ಟ.

ಮೂರನೆಯದು ಚರ್ಮದ ಮೇಲೊಂದು ಬಿಲ್ಲೆ ಅಂಟಿಸಿ ಅಲ್ಲಿಗೆ ಬರುವ ಆಮ್ಲಜನಕವನ್ನು ಅಳೆಯುವ ಯಂತ್ರ. ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಇರುತ್ತದೆ. 40 ದಾಟಿದರೆ ಒಳ್ಳೆಯ ಲಕ್ಷಣ, 20ರ ಕೆಳಗಿದ್ದರೆ ಚಿಂತೆಯ ಮಾತು. ನಡುವೆ ಬಂದರೆ ಡಾಕ್ಟರ ಅನುಭವವೇ ದಾರಿ ತೋರಿಸಬೇಕು.

ನಾಲ್ಕನೆಯದು ಆಪರೇಷನ್ ಮೇಜಿನ ಮೇಲೆ ಕಾಣುವುದು. ಚರ್ಮ ಕೊಯ್ದಾಗ ಅಂಚಿನಲ್ಲಿ ರಕ್ತ ಜಿನುಗಿದರೆ ಸರಿ. ಜಿನುಗದಿದ್ದರೆ ಇನ್ನಷ್ಟು ಮೇಲೆ ಹೋಗುತ್ತಾರೆ. ಅಮೆರಿಕದ ಸಿಯಾಟಲ್ ನಗರದ ಡಾ. ಅರ್ನೆಸ್ಟ್ ಬರ್ಜೆಸ್ ಎಂಬ ಮೂಳೆವೈದ್ಯರು 1960ರ ದಶಕದಿಂದ ಬಳಕೆಗೆ ತಂದ ಕ್ರಮವೊಂದಿದೆ. ಮೀನಖಂಡದ ಕಡೆಯ ಚರ್ಮಕ್ಕೆ ಮುಂಗಾಲಿನ ಚರ್ಮಕ್ಕಿಂತ ರಕ್ತ ಚೆನ್ನಾಗಿ ಹರಿಯುತ್ತದೆ. ಆದ್ದರಿಂದ ಹಿಂದಿನ ಮಾಂಸ, ಚರ್ಮವನ್ನು ಉದ್ದಕ್ಕೆ ಉಳಿಸಿ, ಲಕೋಟೆಯ ಮುಚ್ಚಳದ ಹಾಗೆ ಮುಂದಕ್ಕೆ ಮಡಚಿ ಹೊಲಿಯುತ್ತಾರೆ. ಮಾವನವರ ಹೊಲಿಗೆ ಮುಂಭಾಗದಲ್ಲಿ ಅಡ್ಡಕ್ಕೆ ಇದ್ದರೆ ಹೀಗೇ ಮಾಡಿರಬಹುದು.

ಐದನೆಯದು ರಕ್ತಪರೀಕ್ಷೆ. ನಮ್ಮ ಅಡುಗೆಮನೆಗೆ ಸಂಬಂಧಪಟ್ಟದ್ದು ಇದೇ. ರಕ್ತದ ಆಲ್ಬುಮಿನ್ ಎಂಬ ಸಸಾರಜನಕ 3.5 ಗ್ರಾಂಗಿಂತ ಮೇಲಿರಬೇಕು. ಬಿಳಿ ರಕ್ತಕಣಗಳಲ್ಲಿ ಲಿಂಫೋಸೈಟ್ ಎಂಬ ಜಾತಿ 1500ಕ್ಕಿಂತ ಹೆಚ್ಚಿರಬೇಕು. ಸಕ್ಕರೆ ಕಾಯಿಲೆಗೆ ಪಾದ ತೆಗೆಸಿಕೊಂಡವರಲ್ಲಿ ಇವೆರಡೂ ಚೆನ್ನಾಗಿದ್ದವರ ಗಾಯಗಳು ಹೆಚ್ಚಾಗಿ ಮಾಯ್ದವು, ಕಡಿಮೆಯಿದ್ದವರ ಗಾಯಗಳು ಹೆಚ್ಚಾಗಿ ಕೆಟ್ಟವು ಎಂದು 1984ರಲ್ಲೇ ಅಮೆರಿಕದ ಮೂಳೆವೈದ್ಯರು ಬರೆದಿದ್ದಾರೆ. ಆಲ್ಬುಮಿನ್ ಇಳಿಯುವುದು ಊಟ ಸಾಲದ್ದರಿಂದ ಮಾತ್ರವಲ್ಲ, ಕೀವಿನ ಸೋಂಕು, ಮೂತ್ರಪಿಂಡದ ತೊಂದರೆಯಿಂದಲೂ ಇಳಿಯುತ್ತದೆ. ಆದರೆ ಊಟವೊಂದೇ ನಮ್ಮ ಕೈಯಲ್ಲಿರುವುದು.

ಇವುಗಳ ಜೊತೆಗೆ ಹಿಮೋಗ್ಲೋಬಿನ್, ಮೂರು ತಿಂಗಳ ಸಕ್ಕರೆಯ ಸರಾಸರಿ, ಮೂತ್ರಪಿಂಡದ ಸ್ಥಿತಿಯನ್ನೂ ನೋಡುತ್ತಾರೆ. ಡಯಾಲಿಸಿಸ್ ಮೇಲಿರುವವರ ಗಾಯ ಬಹಳ ನಿಧಾನ.

ನಂಜು ಎಂಬ ಭಯ

ಅತ್ತೆಯವರ ಮಾತಿಗೆ ಬರೋಣ. ಅವರನ್ನು ಬಯ್ಯಬೇಡಿ. ಅವರ ಅತ್ತೆ ಅವರಿಗೆ ಹೇಳಿದ್ದನ್ನೇ ಅವರು ನಿಮಗೆ ಹೇಳುತ್ತಿದ್ದಾರೆ. ಗಂಡನ ಮೇಲಿನ ಕಕ್ಕುಲಾತಿಯಿಂದಲೇ ಹೇಳುತ್ತಿದ್ದಾರೆ. ಆದರೆ ಕೀವು ಆಗುವುದು ಕ್ರಿಮಿಗಳಿಂದ, ಬೇಳೆಯಿಂದಲ್ಲ.

ಲೆಕ್ಕ ಹಾಕಿ ನೋಡಿ. ಅರವತ್ತು ಕಿಲೋ ತೂಕದ ಮನುಷ್ಯನಿಗೆ ದೊಡ್ಡ ಗಾಯ ಮಾಯಲು ದಿನಕ್ಕೆ 75ರಿಂದ 90 ಗ್ರಾಂ ಸಸಾರಜನಕ ಬೇಕು. ಮೂರು ಹೊತ್ತು ಗಂಜಿ ಕುಡಿದರೆ ಸಿಗುವುದು ಹತ್ತು ಹನ್ನೆರಡು ಗ್ರಾಂ. ಸಾಲದ್ದಕ್ಕೆ ಗಂಜಿ ಬೇಗನೆ ಸಕ್ಕರೆ ಏರಿಸುತ್ತದೆ. ಕಟ್ಟಡ ಕಟ್ಟಲು ಇಟ್ಟಿಗೆ ಕಳಿಸದೆ ಮೇಸ್ತ್ರಿಯನ್ನು ಬಯ್ದರೆ ಏನು ಬಂತು?

ನಮ್ಮ ಕಡೆ ಸಿಗುವುದರಲ್ಲೇ ಹೀಗೆ ಹೊಂದಿಸಬಹುದು:

ಎರಡು ಮೊಟ್ಟೆ: 12 ಗ್ರಾಂ.
ಮೂರು ಜೋಳದ ರೊಟ್ಟಿ: ಸುಮಾರು 15 ಗ್ರಾಂ.
ಗಟ್ಟಿ ಬೇಳೆ ಒಂದು ಬಟ್ಟಲು: 7 ಗ್ರಾಂ.
ಮೊಳಕೆ ಕಾಳಿನ ಪಲ್ಯ: 7 ಗ್ರಾಂ.
ಹುರಿದ ಶೇಂಗಾ ಒಂದು ಹಿಡಿ: 7 ಗ್ರಾಂ.
ಹಾಲು, ಮೊಸರು ಸೇರಿ ಎರಡು ಲೋಟ: 13 ಗ್ರಾಂ.
ಸೋಯಾ ಚಂಕ್ಸ್ ಒಂದು ಹಿಡಿ (30 ಗ್ರಾಂ), ಇಲ್ಲವೇ ಹೊಳೆ ಮೀನಿನ ಎರಡು ತುಂಡು: 15 ಗ್ರಾಂ.

ಕೂಡಿದರೆ 76. ಮೊಟ್ಟೆ ತಿನ್ನದ ಮನೆಯವರು ಹಾಲು, ಮೊಸರು, ಕಾಳು, ಸೋಯಾ ಹೆಚ್ಚಿಸಿಕೊಳ್ಳಿ. ಜೊತೆಗೆ ನೆಲ್ಲಿಕಾಯಿ, ಸೀಬೆಹಣ್ಣು, ನುಗ್ಗೆಸೊಪ್ಪು, ಪುಂಡಿಸೊಪ್ಪು ಇರಲಿ. ಒಂದೇ ಎಚ್ಚರಿಕೆ: ಮೂತ್ರಪಿಂಡದ ತೊಂದರೆ ಇದ್ದರೆ ಈ ಪಟ್ಟಿಯನ್ನು ಡಾಕ್ಟರಿಗೆ ತೋರಿಸಿ, ಅವರು ಹೇಳಿದ ಅಳತೆಯಲ್ಲೇ ಕೊಡಿ.

ಅತ್ತೆಗೆ ನೀವು ಎದುರು ಮಾತಾಡಬೇಕಿಲ್ಲ. ಮುಂದಿನ ಸಲ ಗಾಯ ಕಟ್ಟಿಸಲು ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. "ಏನು ಊಟ ಕೊಡಬೇಕು ಡಾಕ್ಟ್ರೇ?" ಎಂದು ಅವರ ಬಾಯಿಂದಲೇ ಕೇಳಿಸಿ. ಉತ್ತರ ಅವರ ಕಿವಿಗೇ ಬೀಳಲಿ. ಆಮೇಲೆ ಬೇಳೆಯ ಸೌಟು ಅವರ ಕೈಗೇ ಬರುತ್ತದೆ.

ಮನೆಯಲ್ಲಿ ನೋಡಿಕೊಳ್ಳಬೇಕಾದದ್ದು

1. ಬೀಡಿ, ಸಿಗರೇಟು ಪೂರ್ತಿ ಬಂದ್. ಸಿಗರೇಟು ಸೇದುವವರಲ್ಲಿ ಗಾಯ ಕೆಟ್ಟು ಮತ್ತೆ ಕತ್ತರಿಸುವ ಸಂಭವ ಸುಮಾರು ಎರಡೂವರೆ ಪಟ್ಟು ಹೆಚ್ಚೆಂದು 1991ರ ಒಂದು ಅಧ್ಯಯನ ತೋರಿಸಿದೆ. ಬೀಡಿಯೇನೂ ಕಡಿಮೆಯಲ್ಲ. ಸಕ್ಕರೆಯೇ ಇಲ್ಲದ ಮೂವತ್ತು ನಲವತ್ತರ ಗಂಡಸರ ಬೆರಳು ಕೊಳೆಸುವ ಬರ್ಗರ್ ಕಾಯಿಲೆ ಹೊಗೆಸೊಪ್ಪಿನಿಂದಲೇ ಬರುವುದು. ಅದಕ್ಕೆ ಮುಖ್ಯ ಮದ್ದು ಬಿಡುವುದೊಂದೇ.

2. ಗಾಯಕ್ಕೆ ಅರಿಶಿನ, ಬೂದಿ, ಕಾಫಿಪುಡಿ, ಸೊಪ್ಪಿನ ರಸ ಏನೂ ಬೇಡ. ಕೈ ಸಾಬೂನಿನಲ್ಲಿ ತೊಳೆಯದೆ ಪಟ್ಟಿ ಮುಟ್ಟಬೇಡಿ.

3. ಹೊಲಿಗೆ ತೆಗೆಯಲು ಎರಡರಿಂದ ಮೂರು ವಾರವಾಗುತ್ತದೆ, ಕೆಲವರಿಗೆ ಇನ್ನೂ ತಡ. ಪಕ್ಕದ ಮನೆಯವರ ಅಪೆಂಡಿಕ್ಸ್ ಹೊಲಿಗೆಗೆ ಹೋಲಿಸಿ ಗಾಬರಿಯಾಗಬೇಡಿ.

4. ಮಂಡಿಯ ಕೆಳಗೆ ದಿಂಬು ಇಡಬೇಡಿ. ಹಿತವೆನಿಸುತ್ತದೆ, ಆದರೆ ಮಂಡಿ ಬಾಗಿದಂತೆಯೇ ಸೆಟೆದುಬಿಟ್ಟರೆ ಮುಂದೆ ಕೃತಕ ಕಾಲು ಕೂರುವುದಿಲ್ಲ. ಡಾಕ್ಟರು ಒಪ್ಪಿದರೆ ದಿನಕ್ಕೆರಡು ಸಲ ಬೋರಲು ಮಲಗಿಸಿ.

5. ಬಿಗಿಪಟ್ಟಿ ಸುತ್ತುವುದನ್ನು ನರ್ಸ್ ಕೈಯಲ್ಲಿ ನೋಡಿ ಕಲಿಯಿರಿ. ತುದಿಯಲ್ಲಿ ಬಿಗಿ, ಮೇಲೆ ಹೋದಂತೆ ಸಡಿಲ. ಉರುಳು ಹಾಕಿದಂತೆ ಕಟ್ಟಿದರೆ ಬರುವ ರಕ್ತವೂ ನಿಲ್ಲುತ್ತದೆ.

6. ರಾತ್ರಿ ನಿದ್ದೆಗಣ್ಣಿನಲ್ಲಿ ಕಾಲಿದೆಯೆಂದು ಎದ್ದು ಬೀಳುವವರು ಬಹಳ. ಆ ಒಂದು ಪೆಟ್ಟಿಗೆ ಹೊಲಿಗೆಯೆಲ್ಲ ಬಿಚ್ಚಿಹೋಗುತ್ತದೆ. ಮಂಚದ ಪಕ್ಕ ಸಣ್ಣ ದೀಪವಿರಲಿ, ಯಾರಾದರೂ ಹತ್ತಿರ ಮಲಗಲಿ.

7. ಇಲ್ಲದ ಪಾದ ಉರಿಯುತ್ತದೆ, ಕೆರೆಯುತ್ತದೆ ಎಂದು ಮಾವನವರು ಹೇಳಿದರೆ ಅದು ಭ್ರಮೆಯೂ ಅಲ್ಲ, ಗಾಳಿಯೂ ಅಲ್ಲ. ನರಗಳ ನೆನಪು ಅದು. ಔಷಧಿ ಇದೆ, ಡಾಕ್ಟರಿಗೆ ಹೇಳಿ.

ಅಂಚು ಕಪ್ಪಾಗುವುದು, ವಾಸನೆ, ಹಸಿರು ಹಳದಿ ಸ್ರಾವ, ದಿನೇ ದಿನೇ ಏರುವ ನೋವು, ಜ್ವರ, ಕಾರಣವಿಲ್ಲದೆ ಏರಿದ ಸಕ್ಕರೆ: ಇವುಗಳಲ್ಲಿ ಒಂದು ಕಂಡರೂ ನಾಳೆಗೆ ತಳ್ಳಬೇಡಿ. ಕಂಪ್ಲಿ, ಸಂಡೂರಿನಿಂದ ಹೊಸಪೇಟೆಗೋ, ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹೋಗಲು ಬಸ್ಸು ಕಾಯುವ ಸ್ಥಿತಿ ಇಲ್ಲದಿದ್ದರೆ 108ಕ್ಕೆ ಫೋನು ಮಾಡಿ.

ಇನ್ನೊಂದು ಕಾಲು

ಎಲ್ಲರ ಕಣ್ಣೂ ಗಾಯದ ಮೇಲಿರುವಾಗ ಉಳಿದ ಕಾಲನ್ನು ಯಾರೂ ನೋಡುವುದಿಲ್ಲ. ಅದಕ್ಕೂ ಅದೇ ಕಾಯಿಲೆ, ಮೇಲಾಗಿ ಈಗ ಪೂರ್ತಿ ಭಾರ. ಸಂಜೆ ದೀಪ ಹಚ್ಚಿದ ಮೇಲೆ ಐದು ನಿಮಿಷ ಆ ಪಾದಕ್ಕೆ ಕೊಡಿ. ಬೆರಳ ಸಂದಿ, ಹಿಮ್ಮಡಿ, ಉಗುರಿನ ಮೂಲೆ ನೋಡಿ. ಬಿಸಿನೀರನ್ನು ನಿಮ್ಮ ಮೊಣಕೈಯಿಂದ ಮುಟ್ಟಿ ನೋಡಿಯೇ ಪಾದ ತೊಳೆಯಿರಿ.

ಗದ್ದೆಗೆ ಬರಿಗಾಲಲ್ಲಿ ಹೋಗಬಾರದು. ಹಂಪಿಯ ವಿರೂಪಾಕ್ಷನ ದರ್ಶನಕ್ಕೆ ಬೇಸಿಗೆಯ ಮಧ್ಯಾಹ್ನ ಹೋದರೆ ಹಾಸುಗಲ್ಲು ಹಂಚಿನಂತೆ ಕಾದಿರುತ್ತದೆ. ನಮಗಾದರೆ ಕುಣಿದುಕೊಂಡು ನೆರಳಿಗೆ ಓಡುತ್ತೇವೆ. ಮರಗಟ್ಟಿದ ಪಾದ ಸುಮ್ಮನೆ ನಡೆಯುತ್ತದೆ, ಮನೆಗೆ ಬಂದ ಮೇಲೆ ಬೊಬ್ಬೆ ಕಾಣುತ್ತದೆ. ಸಕ್ಕರೆ ಇರುವವರನ್ನು ಬೆಳಗಿನ ಹೊತ್ತೇ ಕರೆದುಕೊಂಡು ಹೋಗಿ, ದಪ್ಪ ಕಾಲುಚೀಲ ಹಾಕಿಸಿ.

ಗಾಯ ಮಾಯಲು ಸಾಮಾನ್ಯವಾಗಿ ಆರೆಂಟು ವಾರ. ಆಮೇಲೆ ಕೃತಕ ಕಾಲಿನ ಮಾತು. ಡಾ. ಪಿ. ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ 1968ರಲ್ಲಿ ರೂಪಿಸಿದ ಜೈಪುರ ಪಾದ ನಮ್ಮ ಜನ ಕೂರುವ, ಏಳುವ, ಗದ್ದೆಯಲ್ಲಿ ನಡೆಯುವ ರೀತಿಗೆಂದೇ ಹುಟ್ಟಿದ್ದು. ಸುಧಾ ಚಂದ್ರನ್ ನೆನಪಿದ್ದಾರಲ್ಲವೇ? 1981ರ ಅಪಘಾತದ ನಂತರ ಗಾಯ ಕೊಳೆತು ಕಾಲು ತೆಗೆಸಿಕೊಂಡ ಹುಡುಗಿ, 1984ರಲ್ಲಿ ಇದೇ ಜೈಪುರ ಪಾದ ತೊಟ್ಟು ಮತ್ತೆ ರಂಗದ ಮೇಲೆ ಭರತನಾಟ್ಯ ಮಾಡಿದರು. 'ಮಯೂರಿ' ಚಿತ್ರದಲ್ಲಿ ಅವರ ಕಥೆಯನ್ನು ಅವರೇ ಅಭಿನಯಿಸಿದರು. ಮಾವನವರು ನಾಟ್ಯ ಮಾಡಬೇಕಿಲ್ಲ. ಬದುವಿನ ಮೇಲೆ ನಿಂತು ಪೈರು ನೋಡಿದರೆ ಸಾಕು.

ಅಂಗವಿಕಲತೆ ಶೇಕಡಾ 40 ಅಥವಾ ಹೆಚ್ಚೆಂದು ಪ್ರಮಾಣಪತ್ರ ಸಿಕ್ಕರೆ ಸರ್ಕಾರದ ಸವಲತ್ತುಗಳು ಸಿಗುತ್ತವೆ. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು, ಕಂಪ್ಲಿ ಮತ್ತು ಸಂಡೂರು ಬಳ್ಳಾರಿ ಜಿಲ್ಲೆಯಲ್ಲೇ ಉಳಿದಿವೆ. ಅರ್ಜಿ ಕೊಡುವಾಗ ಇದು ನೆನಪಿರಲಿ, ಸುಮ್ಮನೆ ಓಡಾಟ ತಪ್ಪುತ್ತದೆ.

ಈ ಸಲದ ಪಲ್ಯ: ಮೊಳಕೆ ಹೆಸರುಕಾಳು, ಶೇಂಗಾ

ಮೊಳಕೆ ಬಂದ ಹೆಸರುಕಾಳು ಒಂದು ಬಟ್ಟಲು, ಹುರಿದು ತರಿತರಿ ಕುಟ್ಟಿದ ಶೇಂಗಾ ಎರಡು ದೊಡ್ಡ ಚಮಚ, ಈರುಳ್ಳಿ ಒಂದು, ಬೆಳ್ಳುಳ್ಳಿ ನಾಲ್ಕು ಎಸಳು, ಹಸಿಮೆಣಸಿನಕಾಯಿ ಒಂದು. ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಕರಿಬೇವಿನ ಒಗ್ಗರಣೆ ಹಾಕಿ. ಬೆಳ್ಳುಳ್ಳಿ, ಮೆಣಸಿನಕಾಯಿ, ಈರುಳ್ಳಿ ಬಾಡಿಸಿ. ಕಾಳು, ಉಪ್ಪು, ಚಿಟಿಕೆ ಅರಿಶಿನ ಹಾಕಿ (ಅರಿಶಿನದ ಜಾಗ ಪಲ್ಯ, ಗಾಯವಲ್ಲ!). ಅರ್ಧ ಲೋಟ ನೀರು ಚಿಮುಕಿಸಿ, ಮುಚ್ಚಿ, ಹತ್ತು ನಿಮಿಷ ಬೇಯಿಸಿ. ಇಳಿಸುವಾಗ ಶೇಂಗಾ ಪುಡಿ, ನಿಂಬೆರಸ, ಕೊತ್ತಂಬರಿ. ಬಿಸಿ ಜೋಳದ ರೊಟ್ಟಿ, ಗಟ್ಟಿ ಮೊಸರಿನ ಜೊತೆ ಕೊಡಿ.

ಕಂಪ್ಲಿಯ ತಂಗೀ, ಗಾಯ ಮಾಯುತ್ತದೆ ಎಂದು ನಾನು ಮಾತು ಕೊಡಲಾರೆ. ಡಾಕ್ಟರೂ ಕೊಡಲಾರರು. ಅಕಸ್ಮಾತ್ ಮತ್ತೊಮ್ಮೆ ಮೇಲೆ ತೆಗೆಯಬೇಕಾಗಿ ಬಂದರೂ ಅದು ನಿಮ್ಮ ಕಣ್ಣೀರಿನ ತಪ್ಪಲ್ಲ, ಹದಿನಾಲ್ಕು ವರ್ಷದ ಹೂಳಿನದು. ಅಂಚು ಇನ್ನೂ ಕೆಂಪಗಿದೆ ಅಂದರಲ್ಲ, ಅಲ್ಲಿಗೆ ನೀರು ಇನ್ನೂ ಹರಿಯುತ್ತಿದೆ. ಇವತ್ತೇ ಹೆಸರುಕಾಳು ನೆನೆಹಾಕಿ. ಹೊಲಿಗೆ ಬಿಚ್ಚಿದ ದಿನ ನನಗೊಂದು ಕಾಗದ ಬರೆಯಿರಿ, ಕಾಯುತ್ತಿರುತ್ತೇನೆ.

ನಿಮ್ಮ ಅಕ್ಕ